ನಿದ್ದೆಯಿಂದ ಏಳದ ಗಣಕ

ಪರೀಕ್ಷೆಯ ಕಾಲ. ಹೊಳೆನರಸೀಪುರದ ಒಂದು ಮನೆಯನ್ನು ಊಹಿಸಿಕೊಳ್ಳಿ. ಎಂಜಿನಿಯರಿಂಗ್ ಕೊನೆಯ ವರ್ಷದ ಮಗಳು ರಾತ್ರಿ ಹನ್ನೊಂದೂವರೆಯವರೆಗೆ ಕುಳಿತು ಪ್ರಾಜೆಕ್ಟ್ ವರದಿ ಬರೆದಿದ್ದಾಳೆ. ಅಮ್ಮ ಎರಡು ಸಲ 'ಸಾಕು, ಮಲಗೇ' ಎಂದ ಮೇಲೆ ಲ್ಯಾಪ್‌ಟಾಪಿನ ಮುಚ್ಚಳವನ್ನು ಹಾಗೆಯೇ ಮುಚ್ಚಿ ಮಲಗುತ್ತಾಳೆ. ಬೆಳಿಗ್ಗೆ ತೆರೆದು ನೋಡಿದರೆ ಪರದೆ ಕಪ್ಪು. ಒಳಗೆ ಫ್ಯಾನು ತಿರುಗುವ ಸದ್ದು ಕೇಳಿಸುತ್ತದೆ, ಪುಟ್ಟ ದೀಪವೂ ಉರಿಯುತ್ತಿದೆ. ಆದರೆ ಯಾವ ಕೀಲಿ ಒತ್ತಿದರೂ ಮಿಸುಕಾಟವಿಲ್ಲ. ಸತ್ತಿದೆ ಎನ್ನುವಂತಿಲ್ಲ, ಬದುಕಿದೆ ಎನ್ನುವಂತೆಯೂ ಇಲ್ಲ.

ಈ ದೃಶ್ಯ ಅರಕಲಗೂಡಿನಲ್ಲಾಗಲಿ ಚನ್ನರಾಯಪಟ್ಟಣದಲ್ಲಾಗಲಿ ಹೊಸದೇನಲ್ಲ. ಮುಂದಿನ ಅಧ್ಯಾಯವೂ ಸಾಮಾನ್ಯವಾಗಿ ಒಂದೇ. ಅಪ್ಪ ಯಂತ್ರವನ್ನು ಚೀಲಕ್ಕೆ ಹಾಕಿಕೊಂಡು ಹಾಸನದ ಬಸ್ಸು ಹತ್ತುತ್ತಾರೆ. ಅಂಗಡಿಯವನು ಒಂದೆರಡು ಗುಂಡಿ ಒತ್ತಿ 'ಬೋರ್ಡ್ ಹೋಗಿದೆ ಸಾರ್' ಎಂದುಬಿಟ್ಟರೆ ಆಲೂಗಡ್ಡೆಯೋ ಶುಂಠಿಯೋ ಮಾರಿ ಕೂಡಿಟ್ಟ ಹಣದಲ್ಲಿ ಹತ್ತಿಪ್ಪತ್ತು ಸಾವಿರ ಕರಗಿತೆಂದೇ ಅರ್ಥ. ಕೆಲವೊಮ್ಮೆ ಬೋರ್ಡ್ ನಿಜವಾಗಿಯೂ ಹೋಗಿರುತ್ತದೆ. ಆದರೆ ಅನೇಕ ಸಲ ಕೆಟ್ಟಿರುವುದು ಯಂತ್ರವಲ್ಲ, ಯಂತ್ರ ಏಳುವ ಕ್ರಮ. ಅದನ್ನು ಪತ್ತೆ ಹಚ್ಚಲು ಜಗತ್ತಿನ ಅತಿ ನುರಿತ ತಂತ್ರಾಂಶ ರಚಕರೂ ತಿಣುಕಾಡಿದ್ದಾರೆ. ಅವರು ಕಂಡುಕೊಂಡ ಉಪಾಯಗಳು ಸ್ವಾರಸ್ಯವಾಗಿವೆ, ಮನೆಯಲ್ಲಿ ಉಪಯೋಗಕ್ಕೂ ಬರುತ್ತವೆ.

ಉಗ್ರಾಣದವನು ಮಲಗಿದರೆ

ಪ್ರತಿ ಗಣಕದಲ್ಲೂ ಕಾರ್ಯಾಚರಣೆ ವ್ಯವಸ್ಥೆ ಎಂಬ ಮೂಲ ತಂತ್ರಾಂಶವಿರುತ್ತದೆ. ವಿಂಡೋಸ್, ಲಿನಕ್ಸ್, ಆಂಡ್ರಾಯ್ಡ್ ಎಲ್ಲ ಇಂಥವೇ. ಅದರ ಒಳತಿರುಳಿಗೆ ಕರ್ನಲ್ ಎಂದು ಹೆಸರು. ಮದುವೆ ಮನೆಯ ಉಗ್ರಾಣದ ಉಸ್ತುವಾರಿ ಹೊತ್ತವನನ್ನು ನೆನೆಸಿಕೊಂಡರೆ ಕರ್ನಲ್ಲಿನ ಕೆಲಸ ಅರ್ಥವಾಗುತ್ತದೆ. ಅಡುಗೆಯವನಿಗೆ ತೆಂಗಿನಕಾಯಿ ಬೇಕು, ಬಡಿಸುವವರಿಗೆ ಎಲೆ ಬೇಕು, ಪುರೋಹಿತರಿಗೆ ತುಪ್ಪ ಬೇಕು. ಯಾರೂ ತಾವೇ ಒಳಗೆ ನುಗ್ಗಿ ತೆಗೆದುಕೊಳ್ಳುವಂತಿಲ್ಲ, ಎಲ್ಲರೂ ಅವನನ್ನೇ ಕೇಳಬೇಕು. ಹಾಗೆಯೇ ಪದಸಂಸ್ಕಾರಕವಿರಲಿ, ಆಟವಿರಲಿ, ಹಾಡು ಕೇಳಿಸುವ ತಂತ್ರಾಂಶವಿರಲಿ, ನೆನಪಿನ ಕೋಶ, ಡಿಸ್ಕ್, ಪರದೆ, ಕೀಲಿಮಣೆ ಯಾವುದು ಬೇಕಾದರೂ ಕರ್ನಲ್ಲಿಗೇ ಮೊರೆಯಿಡಬೇಕು. ಪರದೆ, ಡಿಸ್ಕ್ ಮುಂತಾದ ಒಂದೊಂದು ಸಾಧನದ ಜೊತೆಗೂ ಮಾತಾಡಲು ಕರ್ನಲ್ಲಿಗೆ ಒಬ್ಬೊಬ್ಬ ದುಭಾಷಿ ಬೇಕು. ಆ ದುಭಾಷಿ ತಂತ್ರಾಂಶವೇ ಡ್ರೈವರ್.

ಗಣಕದ ನಿದ್ದೆಯೆಂದರೇನು? ಪೂರ್ತಿ ಆರಿಸುವುದಲ್ಲ. ಪರದೆ, ಡಿಸ್ಕ್, ಪ್ರೊಸೆಸರ್ ಎಲ್ಲಕ್ಕೂ ವಿದ್ಯುತ್ ನಿಲ್ಲಿಸಿ, ನೆನಪಿನ ಕೋಶಕ್ಕೆ ಅಂದರೆ ರ್‍ಯಾಮಿಗೆ ಮಾತ್ರ ತೊಟ್ಟು ತೊಟ್ಟಾಗಿ ಕೊಡುತ್ತಿರುವುದು. ಈ ತೊಟ್ಟು ಏಕೆ ಬೇಕೆಂಬುದಕ್ಕೆ ಭೌತಶಾಸ್ತ್ರದ ಉತ್ತರವಿದೆ. ರ್‍ಯಾಮಿನಲ್ಲಿ ಪ್ರತಿಯೊಂದು ಸೊನ್ನೆ ಅಥವಾ ಒಂದನ್ನು ಹಿಡಿದಿಡುವುದು ಒಂದು ಅತಿ ಸಣ್ಣ ಕೆಪಾಸಿಟರ್. ಅದು ಸೋರುವ ಕೊಡದಂತೆ. ತುಂಬಿಟ್ಟ ವಿದ್ಯುದಾವೇಶ ಸ್ವಲ್ಪ ಸ್ವಲ್ಪವೇ ಸೋರಿಹೋಗುತ್ತದೆ. ಆದ್ದರಿಂದ ಪ್ರತಿ ಕೋಶವನ್ನೂ ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೆ ಒಮ್ಮೆಯಾದರೂ ಓದಿ ಮತ್ತೆ ತುಂಬಬೇಕು. ಸೆಕೆಂಡಿಗೆ ಹದಿನೈದು ಸಲಕ್ಕಿಂತ ಹೆಚ್ಚು! ನಿದ್ದೆಯಲ್ಲಿ ಈ ಕೆಲಸವನ್ನು ರ್‍ಯಾಮ್ ತಾನೇ ಮಾಡಿಕೊಳ್ಳುತ್ತದೆ. ಮಗಳು ಬರೆದು ಉಳಿಸದೆ ಬಿಟ್ಟ ನಾಲ್ಕು ಪುಟಗಳು ರಾತ್ರಿಯಿಡೀ ಬದುಕಿರುವುದು ಈ ಸೋರುವ ಕೊಡಗಳಲ್ಲಿ.

ಇನ್ನೊಂದು ಬಗೆಯ ನಿದ್ದೆಯೂ ಇದೆ. ರ್‍ಯಾಮಿನಲ್ಲಿರುವುದನ್ನೆಲ್ಲ ಡಿಸ್ಕಿಗೆ ಬರೆದಿಟ್ಟು ಯಂತ್ರವನ್ನು ಪೂರ್ತಿ ಆರಿಸುವುದು. ಇದಕ್ಕೆ ಹೈಬರ್ನೇಷನ್ ಎಂದರೆ ಶಿಶಿರನಿದ್ರೆ ಎಂದು ಹೆಸರು. ಏಳುವುದು ನಿಧಾನ, ಆದರೆ ವಿದ್ಯುತ್ ಹೋದರೂ ಭಯವಿಲ್ಲ. ಬ್ಯಾಟರಿಯೂ ಇಲ್ಲದ, ಯುಪಿಎಸ್ಸೂ ಇಲ್ಲದ ಮೇಜಿನ ಗಣಕವನ್ನು ಮೊದಲ ಬಗೆಯಲ್ಲಿ ಮಲಗಿಸಿದಾಗ ಕರೆಂಟ್ ಹೋದರೆ ಕೊಡಗಳೆಲ್ಲ ಬರಿದು. ಕರೆಂಟಿನ ಕಣ್ಣುಮುಚ್ಚಾಲೆ ಕಂಡಿರುವ ಹಳ್ಳಿಗಳವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1990ರ ದಶಕದ ಮೊದಲಲ್ಲಿ ನಿದ್ದೆಯ ಹೊಣೆಯನ್ನು ಬಹುಮಟ್ಟಿಗೆ ಬಯಾಸ್ ಎಂಬ ಒಳಗುಟ್ಟಿನ ತಂತ್ರಾಂಶವೇ ಹೊರುತ್ತಿತ್ತು. 1996ರ ಡಿಸೆಂಬರಿನಲ್ಲಿ ಇಂಟೆಲ್, ಮೈಕ್ರೋಸಾಫ್ಟ್ ಮತ್ತು ತೊಷಿಬಾ ಸೇರಿ ಎಸಿಪಿಐ ಎಂಬ ಹೊಸ ಕಟ್ಟಳೆಯನ್ನು ಪ್ರಕಟಿಸಿದ ಮೇಲೆ ಹೊಣೆ ಕರ್ನಲ್ಲಿನ ಹೆಗಲಿಗೆ ಬಂತು. ಇದರಿಂದ ಅನುಕೂಲವಾದಂತೆ ತಲೆನೋವೂ ಬಂತು. ಬಯಾಸ್ ಬರೆದವರು ಒಬ್ಬರು, ಕರ್ನಲ್ ಬರೆದವರು ಇನ್ನೊಬ್ಬರು, ಡ್ರೈವರ್ ಬರೆದವರು ಮತ್ತೊಬ್ಬರು. ಯಂತ್ರ ಏಳಬೇಕಾದರೆ ಈ ಮೂವರ ಲೆಕ್ಕವೂ ತಾಳೆಯಾಗಬೇಕು.

ಮಲಗುವ ಕ್ರಮ, ಏಳುವ ಕ್ರಮ

ಹಾಸನ ಸೀಮೆಯ ಆಲೂಗಡ್ಡೆ ಬೆಳೆಗಾರರಿಗೆ ಈ ವಿಷಯ ಬೇರೆ ರೂಪದಲ್ಲಿ ಚೆನ್ನಾಗಿ ಗೊತ್ತು. ಪಂಜಾಬಿನ ಜಲಂಧರದ ಕಡೆಯಿಂದ ಬರುವ ಬಿತ್ತನೆ ಗೆಡ್ಡೆ ಶೀತಲಗೃಹದಲ್ಲಿ ಮಲಗಿರುತ್ತದೆ. ಅದನ್ನು ಹೊರತೆಗೆದ ದಿನವೇ ಭೂಮಿಗೆ ಹಾಕಿದರೆ ಕೊಳೆಯುವ ಸಂಭವ ಹೆಚ್ಚು. ನೆರಳಿನಲ್ಲಿ ಹರಡಿ, ಹೊರಗಿನ ಶಾಖಕ್ಕೆ ಹೊಂದಿಕೊಳ್ಳಲು ಬಿಟ್ಟು, ಕಣ್ಣು ಮೊಳೆತ ಮೇಲೆ ಬಿತ್ತಬೇಕು. ನಿದ್ದೆಯಲ್ಲಿ ಕೆಡದ ಗೆಡ್ಡೆ ಅವಸರದ ಎಬ್ಬಿಸುವಿಕೆಯಲ್ಲಿ ಕೆಡುತ್ತದೆ. ಗಣಕದ್ದೂ ಹೆಚ್ಚುಕಡಿಮೆ ಇದೇ ಹಣೆಬರಹ.

ಲಿನಕ್ಸ್ ಕರ್ನಲ್ಲಿನ ಉದಾಹರಣೆಯನ್ನೇ ನೋಡೋಣ. ಹೆಲ್ಸಿಂಕಿಯ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ 1991ರಲ್ಲಿ ಬಿಡುಗಡೆ ಮಾಡಿದ ಈ ಕರ್ನಲ್ಲಿನ ಪ್ರತಿ ಸಾಲನ್ನೂ ಯಾರು ಬೇಕಾದರೂ ಓದಬಹುದು. ಆಂಡ್ರಾಯ್ಡ್ ಫೋನುಗಳ ಹೊಟ್ಟೆಯಲ್ಲಿರುವುದೂ ಇದೇ ಆದ್ದರಿಂದ ಹೆಸರು ಕೇಳದವರೂ ಇದನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದಾರೆ.

ಮುಚ್ಚಳ ಮುಚ್ಚಿದೊಡನೆ ಕರ್ನಲ್ ಮೊದಲು ತೆರೆದಿರುವ ತಂತ್ರಾಂಶಗಳನ್ನೆಲ್ಲ ಇದ್ದಲ್ಲೇ ಹೆಪ್ಪುಗಟ್ಟಿಸುತ್ತದೆ. ಇದಕ್ಕೆ ಸಾಮಾನ್ಯವಾಗಿ 20 ಸೆಕೆಂಡಿನ ಗಡುವು. ಅಷ್ಟರಲ್ಲಿ ಯಾವುದಾದರೂ ಒಂದು ಹಟ ಹಿಡಿದು ನಿಲ್ಲದಿದ್ದರೆ ನಿದ್ದೆಯ ಕಾರ್ಯಕ್ರಮವೇ ರದ್ದು. ಅನಂತರ ಸಾಧನಗಳ ಸರದಿ. ಪೆನ್ ಡ್ರೈವ್ ಮಲಗಿದ ಮೇಲೆ ಅದನ್ನು ಸಿಕ್ಕಿಸಿರುವ ಕಿಂಡಿ ಮಲಗಬೇಕು, ಕಿಂಡಿ ಮಲಗಿದ ಮೇಲೆ ಅದರ ಒಡೆಯ ನಿಯಂತ್ರಕ. ಮಕ್ಕಳು ಮಲಗಿದ ಮೇಲೆ ತಾಯಿ ಮಲಗುವ ಕ್ರಮ. ಆಮೇಲೆ ಪ್ರೊಸೆಸರಿನೊಳಗಿನ ನಾಲ್ಕೋ ಎಂಟೋ ಕೋರ್‌ಗಳಲ್ಲಿ ಒಂದನ್ನು ಬಿಟ್ಟು ಉಳಿದವೆಲ್ಲ ನಿಲ್ಲುತ್ತವೆ. ಕೊನೆಗೆ ಎಚ್ಚರವಿರುವ ಆ ಒಂದು ಕೋರ್ ದೀಪವಾರಿಸಿ ಕೀಲಿಕೈಯನ್ನು ಬಯಾಸಿಗೆ ಒಪ್ಪಿಸುತ್ತದೆ.

ಏಳುವಾಗ ಇದೆಲ್ಲವೂ ತಿರುಗುಮುರುಗು. ಮೊದಲು ತಾಯಿ ಏಳಬೇಕು, ಆಮೇಲೆ ಮಕ್ಕಳು. ಇಲ್ಲೊಂದು ತಮಾಷೆಯ ಸಂಗತಿಯಿದೆ. ಈ ಎಸಿಪಿಐ ವಿಧಾನದಲ್ಲಿ ಇಂದಿನ ಇಂಟೆಲ್ ಮಾದರಿಯ ಪ್ರೊಸೆಸರ್ ಎದ್ದೊಡನೆ ಕರ್ನಲ್ಲಿಗೆ ಹಿಂತಿರುಗುವುದು 1978ರ 8086 ಚಿಪ್ಪಿನ ಹಳೆಯ 16 ಬಿಟ್ ಭಾಷೆಯಲ್ಲಿ! ಷಷ್ಟ್ಯಬ್ದಿಯಾದ ವಿದ್ವಾಂಸರು ಪ್ರತಿದಿನ ಬೆಳಿಗ್ಗೆ ಎದ್ದು ಅ ಆ ಇ ಈ ತಿದ್ದಿ, ಕಾಗುಣಿತ ಮುಗಿಸಿ, ಆಮೇಲೆ ಪಾಠಕ್ಕೆ ಹೋದಂತೆ ಅದು ಕೆಲವೇ ಕ್ಷಣಗಳಲ್ಲಿ 16 ಬಿಟ್‌ನಿಂದ 32ಕ್ಕೆ, 32ರಿಂದ 64ಕ್ಕೆ ಏರುತ್ತದೆ. ಈಚಿನ ಅನೇಕ ಲ್ಯಾಪ್‌ಟಾಪುಗಳು ಈ ಗಾಢನಿದ್ದೆಯನ್ನೇ ಬಿಟ್ಟು ಫೋನಿನಂತೆ ಕೋಳಿನಿದ್ದೆ ಮಾಡುತ್ತಿವೆ ಎಂಬುದನ್ನೂ ಹೇಳಬೇಕು. ಅವುಗಳ ರೋಗಲಕ್ಷಣ ಬೇರೆ. ಅವು ಏಳದಿರುವುದಕ್ಕಿಂತ ಸರಿಯಾಗಿ ಮಲಗದೆ ಚೀಲದೊಳಗೇ ಬಿಸಿಯಾಗಿ ಬ್ಯಾಟರಿ ಮುಗಿಸುವುದೇ ದೊಡ್ಡ ದೂರು.

ಎಲ್ಲಿ ಎಡವುತ್ತದೆ? ಉಗ್ರಾಣದ ಉದಾಹರಣೆಗೇ ಮರಳೋಣ. ಎದ್ದ ತಕ್ಷಣ ವೈಫೈ ಸಾಧನದ ಡ್ರೈವರಿಗೆ ಒಂದು ಕಡತ ಬೇಕೆನ್ನಿ. ಕಡತವಿರುವುದು ಡಿಸ್ಕಿನಲ್ಲಿ. ಡಿಸ್ಕ್ ಇನ್ನೂ ಎದ್ದಿಲ್ಲ, ಕಡತ ತಂದುಕೊಡಬೇಕಾದ ತಂತ್ರಾಂಶ ಹೆಪ್ಪುಗಟ್ಟಿ ಕುಳಿತಿದೆ. 'ಕಡತ ಬರುವವರೆಗೆ ನಾನು ಮುಂದೆ ಹೋಗುವುದಿಲ್ಲ' ಎಂದು ಡ್ರೈವರ್ ಕಾಯುತ್ತದೆ. 'ಡ್ರೈವರುಗಳೆಲ್ಲ ಎದ್ದು ಮುಗಿಯುವವರೆಗೆ ಯಾವ ತಂತ್ರಾಂಶವನ್ನೂ ಎಬ್ಬಿಸುವುದಿಲ್ಲ' ಎಂದು ಕರ್ನಲ್ ಕಾಯುತ್ತದೆ. ಇಬ್ಬರೂ ಒಬ್ಬರಿಗೊಬ್ಬರು ಕಾಯುತ್ತ ಕುಳಿತರೆ ಕಪ್ಪು ಪರದೆ, ತಿರುಗುವ ಫ್ಯಾನು. ಯಾವ ಬಿಡಿಭಾಗವೂ ಸುಟ್ಟಿಲ್ಲ, ಯಾವ ತಂತಿಯೂ ಕಡಿದಿಲ್ಲ. 'ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು' ಎಂಬ ಗಾದೆಯನ್ನು ಗಣಕವೂ ಕಲಿತಿದೆ.

ಸಾಕ್ಷಿಗಳೆಲ್ಲ ಮಲಗಿದ್ದಾಗ

ಬೇರೆ ಸಮಯದಲ್ಲಿ ಕರ್ನಲ್ ಎಡವಿದರೆ ಅದು ಏನಾಯಿತೆಂದು ಪರದೆಯ ಮೇಲೆ ಬರೆದು ತೋರಿಸುತ್ತದೆ, ಇಲ್ಲವೇ ಡಿಸ್ಕಿನ ದಿನಚರಿಯಲ್ಲಿ ನಮೂದಿಸುತ್ತದೆ. ನಿದ್ದೆಯಿಂದ ಏಳುವಾಗ ಎಡವಿದರೆ? ಪರದೆ ಮಲಗಿದೆ, ಡಿಸ್ಕ್ ಮಲಗಿದೆ, ಕೀಲಿಮಣೆ ಮಲಗಿದೆ, ಜಾಲದ ಸಂಪರ್ಕವೂ ಇಲ್ಲ. ಕಳ್ಳತನವಾದ ರಾತ್ರಿ ಕಾವಲುಗಾರ, ನಾಯಿ, ನೆರೆಮನೆಯವರು ಎಲ್ಲರೂ ಮಲಗಿದ್ದರೆ ಪೊಲೀಸರು ಯಾರನ್ನು ಕೇಳಬೇಕು? ರ್‍ಯಾಮಿನಲ್ಲಿ ಒಂದಷ್ಟು ಬರೆದಿಡೋಣವೆಂದರೆ ಗುಂಡಿ ಒತ್ತಿ ಯಂತ್ರವನ್ನು ಬಲವಂತವಾಗಿ ಆರಿಸಿದೊಡನೆ ಅದೂ ಅಳಿಸಿಹೋಗುತ್ತದೆ.

ಹಳಬರು ಮೊದಲು ಹಿಡಿದದ್ದು ಶಬ್ದದ ದಾರಿ. ಏಳುವ ಕ್ರಮದ ಮೊಟ್ಟಮೊದಲ ಹೆಜ್ಜೆಯಲ್ಲೇ ಗಣಕದೊಳಗಿನ ಪುಟ್ಟ ಸ್ಪೀಕರಿನಿಂದ 'ಕೀಂ' ಎನ್ನಿಸುವ ಏರ್ಪಾಡು ಲಿನಕ್ಸ್‌ನಲ್ಲಿ ಬಂತು. ಸದ್ದು ಕೇಳಿಸಿದರೆ ಬಯಾಸ್ ತನ್ನ ಕೆಲಸ ಮುಗಿಸಿ ಕರ್ನಲ್ಲಿಗೆ ಕೀಲಿಕೈ ಕೊಟ್ಟಿದೆ ಎಂದರ್ಥ, ತಪ್ಪು ಮುಂದೆಲ್ಲೋ ಇದೆ. ಸದ್ದೇ ಬರದಿದ್ದರೆ ಕರ್ನಲ್ಲಿನವರೆಗೆ ವಿಷಯ ಬಂದೇ ಇಲ್ಲ. ಎದೆಗೆ ಕಿವಿಯಿಟ್ಟು ನೋಡುವ ವೈದ್ಯರ ಪದ್ಧತಿ ಇದು.

ಎರಡನೆಯದು ಅಣಕು ನಿದ್ದೆ. ನಾಟಕಕ್ಕೆ ಮೊದಲು ತಾಲೀಮು ನಡೆಸಿದಂತೆ ಕರ್ನಲ್ಲಿಗೆ 'ಅರ್ಧ ದಾರಿ ಹೋಗಿ ವಾಪಸು ಬಾ' ಎನ್ನಬಹುದು. ತಂತ್ರಾಂಶಗಳನ್ನು ಮಾತ್ರ ಹೆಪ್ಪುಗಟ್ಟಿಸಿ 5 ಸೆಕೆಂಡು ಕಾದು ಹಿಂತಿರುಗುವುದು ಮೊದಲ ಮೆಟ್ಟಿಲು. ಎರಡನೆಯದರಲ್ಲಿ ಸಾಧನಗಳೂ ಮಲಗಿ ಏಳುತ್ತವೆ. ಮೂರನೆಯದರಲ್ಲಿ ಬಯಾಸಿನ ಸಿದ್ಧತೆ, ನಾಲ್ಕನೆಯದರಲ್ಲಿ ಪ್ರೊಸೆಸರಿನ ಇತರ ಕೋರ್‌ಗಳು, ಐದನೆಯದರಲ್ಲಿ ಉಳಿದ ಒಳಗಿನ ಅಂಗಗಳು ಸೇರುತ್ತವೆ. ಎರಡನೆಯ ಮೆಟ್ಟಿಲಲ್ಲೇ ಯಂತ್ರ ಸ್ತಬ್ಧವಾದರೆ ಯಾವುದೋ ಡ್ರೈವರೇ ಅಪರಾಧಿ. ಐದನ್ನೂ ದಾಟಿ ನಿಜವಾದ ನಿದ್ದೆಯಲ್ಲಿ ಮಾತ್ರ ಕೆಡುತ್ತಿದ್ದರೆ ಸಂಶಯ ಬಯಾಸಿನ ಕಡೆ ತಿರುಗುತ್ತದೆ. ಪ್ರಯೋಗಶಾಲೆಯಲ್ಲಿ ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸಿ ನೋಡುವ ಪಾಠ ಇಲ್ಲಿ ಹಾಗೆಯೇ ಉಪಯೋಗಕ್ಕೆ ಬಂದಿದೆ.

ಗಡಿಯಾರದಲ್ಲಿ ಬಚ್ಚಿಟ್ಟ ಚೀಟಿ

ಎಲ್ಲಕ್ಕಿಂತ ಸೊಗಸಾದ ಉಪಾಯ ಮೂರನೆಯದು. ಅದನ್ನು ಟೊರ್ವಾಲ್ಡ್ಸ್ ಸ್ವತಃ 2006ರಲ್ಲಿ ಬರೆದರು.

ಯಂತ್ರವನ್ನು ಪೂರ್ತಿ ಆರಿಸಿ ಮತ್ತೆ ಹಚ್ಚಿದರೂ ತನ್ನಲ್ಲಿರುವುದನ್ನು ಮರೆಯದ, ಬಯಾಸ್ ಕೂಡ ಒರೆಸಿ ಹಾಕದ ಜಾಗ ಯಾವುದು? ಅವರು ಹುಡುಕಿ ನೋಡಿದಾಗ ನಂಬಬಹುದಾದದ್ದು ಒಂದೇ ಒಂದು ಉಳಿಯಿತು. ಅದು ದಿನಾಂಕ ಮತ್ತು ವೇಳೆ ತೋರಿಸುವ ಗಡಿಯಾರದ ಚಿಪ್ಪು. ಗಣಕ ಆರಿದ್ದರೂ ಅದು ಪುಟ್ಟ ಬ್ಯಾಟರಿಯ ಬಲದಿಂದ ನಡೆಯುತ್ತಲೇ ಇರುತ್ತದೆ. ಹಾಗಾದರೆ ಗಡಿಯಾರವನ್ನೇ ಏಕೆ ಕಾಗದದ ಚೀಟಿಯನ್ನಾಗಿ ಬಳಸಬಾರದು? ಏಳುವಾಗ ಪ್ರತಿ ಹೆಜ್ಜೆಗೂ ಕರ್ನಲ್ ತಾನು ಯಾವ ಸಾಧನವನ್ನು ಎಬ್ಬಿಸುತ್ತಿದ್ದೇನೆ, ತಂತ್ರಾಂಶದ ಯಾವ ಸಾಲಿನಲ್ಲಿದ್ದೇನೆ ಎಂಬುದನ್ನು ಒಂದು ಸಂಖ್ಯೆಯಾಗಿಸಿ, ಆ ಸಂಖ್ಯೆಯನ್ನು ಒಂದು ಸುಳ್ಳು ದಿನಾಂಕವಾಗಿ ಗಡಿಯಾರದಲ್ಲಿ ಬರೆಯುತ್ತ ಹೋಗುತ್ತದೆ. ಯಂತ್ರ ಎಲ್ಲಿ ಕಲ್ಲಾಗಿ ನಿಂತಿತೋ ಅಲ್ಲಿನ ಸಂಖ್ಯೆ ಗಡಿಯಾರದಲ್ಲಿ ಉಳಿಯುತ್ತದೆ. ಗುಂಡಿ ಒತ್ತಿ ಆರಿಸಿ ಮತ್ತೆ ಹಚ್ಚಿದರೆ ಕರ್ನಲ್ ಆ ದಿನಾಂಕವನ್ನು ಓದಿ, ಸಂಖ್ಯೆಯನ್ನು ಬಿಡಿಸಿ, 'ಕಳೆದ ಸಲ ಇಂಥ ಸಾಧನದ ಬಳಿ ನಿಂತೆ' ಎಂದು ಹೇಳುತ್ತದೆ.

ಗಡಿಯಾರದಲ್ಲಿ ಎಷ್ಟು ಬರೆಯಲು ಜಾಗವಿದೆ? ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಬಹುದು. ವರ್ಷಕ್ಕೆ 100 ಆಯ್ಕೆಗಳು, ತಿಂಗಳಿಗೆ 12. ಫೆಬ್ರವರಿಯ ತೊಡಕು ಬೇಡವೆಂದು ದಿನಕ್ಕೆ 28. ಗಂಟೆಗೆ 24. ನಿಮಿಷವನ್ನು ಮೂರು ಮೂರರ ಗುಂಪು ಮಾಡಿದರೆ 20. ಗುಣಿಸಿದರೆ 1,61,28,000. ಒಂದೂವರೆ ಕೋಟಿಗೂ ಮಿಕ್ಕಿದ ಸಂದೇಶಗಳಲ್ಲಿ ಒಂದನ್ನು ಬರೆಯಲು ಇಷ್ಟು ಸಾಕು. ದ್ವಿಮಾನ ಪದ್ಧತಿಯಲ್ಲಿ ಇದು ಸುಮಾರು 24 ಬಿಟ್, ಅಂದರೆ ಇಂಗ್ಲಿಷಿನ ಮೂರು ಅಕ್ಷರ ಬರೆಯುವಷ್ಟು ಜಾಗ! ಮೂರಕ್ಷರದ ಚೀಟಿಯಲ್ಲಿ ಅಪರಾಧಿಯ ಸುಳಿವು ಅಡಗಿರಬೇಕು.

ನಿಮಿಷವನ್ನು ಮೂರರ ಗುಂಪು ಮಾಡಿದ್ದೇಕೆ? ಗಡಿಯಾರ ನಿಲ್ಲುವುದಿಲ್ಲವಲ್ಲ! ಚೀಟಿ ಬರೆದ ಮೇಲೂ ಅದು ಟಿಕ್ ಟಿಕ್ ಎನ್ನುತ್ತಲೇ ಇರುತ್ತದೆ. ಆರಿಸಿ ಹಚ್ಚುವಷ್ಟರಲ್ಲಿ ಒಂದೆರಡು ನಿಮಿಷ ಕಳೆದರೂ ಸಂದೇಶ ಕೆಡಬಾರದು ಎಂಬುದಕ್ಕೆ ಈ ಮೂರು ನಿಮಿಷದ ರಿಯಾಯಿತಿ. ಅದಕ್ಕಿಂತ ತಡವಾದರೆ ಸುಳಿವು ತಪ್ಪು ಮನೆಯ ಬಾಗಿಲು ತೋರಿಸುತ್ತದೆ. ಇನ್ನೊಂದು ಎಚ್ಚರಿಕೆ: ಸಾಧನಗಳ ಹೆಸರು ಉದ್ದ, ಜಾಗ ಕಿರಿದು. ಆದ್ದರಿಂದ ಹೆಸರನ್ನು ಹಿಂಡಿ ಸಣ್ಣ ಸಂಖ್ಯೆ ಮಾಡುತ್ತಾರೆ. ಹೀಗೆ ಹಿಂಡಿದಾಗ ಎರಡು ಸಾಧನಗಳಿಗೆ ಒಂದೇ ಸಂಖ್ಯೆ ಬರಬಹುದು, ಒಂದೇ ತರಗತಿಯ ಇಬ್ಬರಿಗೆ ಒಂದೇ ಹೆಸರಿರುವಂತೆ. ಚೀಟಿ ಸುಳಿವೇ ಹೊರತು ತೀರ್ಪಲ್ಲ.

ಹೊಸ ಆವೃತ್ತಿ ಹಾಕಿದ ಮೇಲೆ ರೋಗ ಶುರುವಾಗಿದ್ದರೆ ಇನ್ನೊಂದು ದಾರಿಯಿದೆ. ಒಂಬತ್ತು ಹತ್ತು ವಾರಕ್ಕೊಮ್ಮೆ ಬರುವ ಲಿನಕ್ಸ್ ಕರ್ನಲ್ಲಿನ ಪ್ರತಿ ಹೊಸ ಆವೃತ್ತಿಯಲ್ಲಿ ಹತ್ತು ಸಾವಿರದ ಆಸುಪಾಸು ಬದಲಾವಣೆಗಳಿರುತ್ತವೆ. ಒಂದೊಂದನ್ನೇ ಪರೀಕ್ಷಿಸುವುದು ಯಾರ ಕೈಯಲ್ಲಾಗುತ್ತದೆ? ಮಧ್ಯದ ಬದಲಾವಣೆಯವರೆಗಿನ ಕರ್ನಲ್ಲನ್ನು ಹಾಕಿ ನೋಡುತ್ತಾರೆ. ಅಲ್ಲಿಯೂ ಏಳದಿದ್ದರೆ ತಪ್ಪು ಮೊದಲರ್ಧದಲ್ಲಿ, ಎದ್ದರೆ ಎರಡನೆಯ ಅರ್ಧದಲ್ಲಿ. ಹೀಗೆ ಅರ್ಧ ಅರ್ಧ ಮಾಡುತ್ತ ಹೋದರೆ 14 ಪರೀಕ್ಷೆಗಳಲ್ಲಿ ತಪ್ಪಿನ ಬದಲಾವಣೆ ಸಿಕ್ಕಿಬೀಳುತ್ತದೆ. ಎರಡರ ಹದಿನಾಲ್ಕನೆಯ ಘಾತ 16,384 ಎಂಬುದನ್ನು ನೆನೆದರೆ ಗುಟ್ಟು ಗೊತ್ತಾಗುತ್ತದೆ. ಘಾತಾಂಕ ಕಲಿತು ಏನು ಪ್ರಯೋಜನ ಎಂದು ಕೇಳುವ ಮಕ್ಕಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಗುಂಡಿಗೆ ಕೈ ನಿಲುಕದ ದೂರದಲ್ಲಿ

ಮನೆಯ ಗಣಕ ಏಳದಿದ್ದರೆ ಗುಂಡಿಯನ್ನಾದರೂ ಒತ್ತಬಹುದು. ಹಾಸನದ ಸಾಲಗಾಮೆ ರಸ್ತೆಯಲ್ಲಿರುವ ಇಸ್ರೋದ ಪ್ರಧಾನ ನಿಯಂತ್ರಣ ಕೇಂದ್ರದವರಿಗೆ ಆ ಸೌಕರ್ಯವಿಲ್ಲ. ಅವರು ನೋಡಿಕೊಳ್ಳುವ ಭೂಸ್ಥಿರ ಉಪಗ್ರಹಗಳು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿವೆ. ವರ್ಷಕ್ಕೆ ಎರಡು ಸಲ, ಮಾರ್ಚ್ ಮತ್ತು ಸೆಪ್ಟೆಂಬರಿನ ಸಮರಾತ್ರಿಯ ಅಕ್ಕಪಕ್ಕ, ಈ ಉಪಗ್ರಹಗಳು ಒಂದೂವರೆ ತಿಂಗಳ ಕಾಲ ದಿನವೂ ಭೂಮಿಯ ನೆರಳನ್ನು ಹೊಕ್ಕು ಹೊರಬರುತ್ತವೆ. ನೆರಳಿನ ಅವಧಿ ಗರಿಷ್ಠ 72 ನಿಮಿಷ. ಆಗ ಸೌರಫಲಕ ಸುಮ್ಮನಾಗುತ್ತದೆ, ಬ್ಯಾಟರಿಯೇ ಗತಿ. ಈ ಕೇಂದ್ರ ಶುರುವಾದ 1982ರಲ್ಲೇ ದೇಶ ಒಂದು ಕಹಿ ಪಾಠ ಕಲಿಯಿತು. ಆ ವರ್ಷದ ಏಪ್ರಿಲ್ 10ರಂದು ಹಾರಿದ ಇನ್ಸಾಟ್-1ಎ ಸೆಪ್ಟೆಂಬರಿನಲ್ಲಿ ಭೂಮಿಯತ್ತ ನೋಡುವ ತನ್ನ ಗುರಿಯನ್ನು ಕಳೆದುಕೊಂಡು, ಇಂಧನ ಮುಗಿದು, ಕೈಬಿಟ್ಟುಹೋಯಿತು. ಇದು ನಿದ್ದೆಯ ಪ್ರಸಂಗವಲ್ಲ, ನಿಜ. ಆದರೆ ಮುಟ್ಟಲಾಗದ ಯಂತ್ರ ಮಾತು ನಿಲ್ಲಿಸಿದಾಗ ನೆಲದ ಮೇಲಿರುವವರ ಪಾಡು ಏನೆಂಬುದಕ್ಕೆ ಹಾಸನದವರಿಗೆ ಇದೇ ಹತ್ತಿರದ ಸಾಕ್ಷಿ. 2018ರಲ್ಲಿ ಜಿಸ್ಯಾಟ್-6ಎ ಉಪಗ್ರಹ ಮಾರ್ಚ್ 29ರಂದು ಉಡಾವಣೆಯಾಗಿ, ಎರಡನೆಯ ಸಲ ಎಂಜಿನ್ ಉರಿಸಿದ ಮೇಲೆ ಮೌನವಾದಾಗಲೂ ಹೀಗೇ ಆಯಿತು.

ನಿಜವಾದ ನಿದ್ದೆಯ ಪ್ರಸಂಗವನ್ನು ನಾಡಿನವರೆಲ್ಲ 2023ರಲ್ಲಿ ನೋಡಿದರು. ಆಗಸ್ಟ್ 23ರಂದು ಚಂದ್ರನ ಮೇಲಿಳಿದ ಚಂದ್ರಯಾನ-3ರ ವಿಕ್ರಮ್ ಮತ್ತು ಪ್ರಜ್ಞಾನ್ ಒಂದು ಚಾಂದ್ರ ಹಗಲಿಗೆಂದು, ಅಂದರೆ ನಮ್ಮ ಸುಮಾರು 14 ದಿನಗಳಿಗೆಂದು ತಯಾರಾದವು. ಕೆಲಸ ಮುಗಿದ ಮೇಲೆ ಬೆಂಗಳೂರಿನ ವಿಜ್ಞಾನಿಗಳು ಸೆಪ್ಟೆಂಬರ್ 2ರಂದು ಪ್ರಜ್ಞಾನನ್ನೂ 4ರಂದು ವಿಕ್ರಮನ್ನೂ ಮಲಗಿಸಿದರು. ಮಲಗಿಸಿದ ರೀತಿ ಗಮನಿಸಬೇಕು. ಪ್ರಜ್ಞಾನಿನ ಬ್ಯಾಟರಿ ತುಂಬಿತ್ತು, ಮುಂದಿನ ಸೂರ್ಯೋದಯದ ಬೆಳಕು ಬೀಳುವಂತೆ ಸೌರಫಲಕ ತಿರುಗಿಸಿಟ್ಟಿತ್ತು, ಕರೆ ಕೇಳುವ ರಿಸೀವರನ್ನು ಆರಿಸಿರಲಿಲ್ಲ. ಸೆಪ್ಟೆಂಬರ್ 22ರಂದು ಕರೆದರು. ಉತ್ತರ ಬರಲಿಲ್ಲ. ಶೂನ್ಯಕ್ಕಿಂತ ನೂರಕ್ಕೂ ಹೆಚ್ಚು ಡಿಗ್ರಿ ಕೆಳಗಿನ ಚಳಿಯನ್ನು ತಾಳಲೆಂದು ಅವನ್ನು ಕಟ್ಟಿರಲೇ ಇಲ್ಲ. ಅದೃಷ್ಟವಿದ್ದರೆ ಏಳಲಿ ಎಂಬ ಪ್ರಯತ್ನ ಅದು. ಮರು ವರ್ಷ ಜನವರಿ 20ರಂದು ವಾಲಿಕೊಂಡು ಇಳಿದ ಜಪಾನಿನ ಸ್ಲಿಮ್ ನೌಕೆಗೆ ಆ ಅದೃಷ್ಟವಿತ್ತು. ಅದನ್ನೂ ರಾತ್ರಿ ಕಳೆಯಲೆಂದು ಕಟ್ಟಿರಲಿಲ್ಲ, ಆದರೂ ಮೂರು ಚಾಂದ್ರ ರಾತ್ರಿಗಳನ್ನು ದಾಟಿ ಎದ್ದಿತು.

ಮುಗ್ಗರಿಸಿ ಎದ್ದ ನೌಕೆಯ ಕಥೆಯೂ ಇದೆ. ಯುರೋಪಿನ ರೊಸೆಟಾ ನೌಕೆ ಧೂಮಕೇತುವಿನ ದಾರಿಯಲ್ಲಿ 2011ರ ಜೂನ್ 8ರಂದು ಮಲಗಿ, 957 ದಿನಗಳ ಮೇಲೆ, 2014ರ ಜನವರಿ 20ರಂದು ಅಲಾರಮ್ಮಿಗೆ ಏಳಬೇಕಿತ್ತು. ಭಾರತದ ಲೆಕ್ಕದಲ್ಲಿ ರಾತ್ರಿ 11ರಿಂದ 12ರೊಳಗೆ ಸಂಕೇತ ಬರಬೇಕು. ಹನ್ನೊಂದೂಕಾಲು, ಹನ್ನೊಂದೂವರೆ ಕಳೆಯಿತು. ಕೊನೆಗೆ 11 ಗಂಟೆ 48 ನಿಮಿಷಕ್ಕೆ ಪರದೆಯ ಮೇಲೆ ಸಣ್ಣದೊಂದು ಗೆರೆ ಮೇಲೆದ್ದಿತು. ಆಮೇಲೆ ವಿಚಾರಿಸಿದಾಗ ತಿಳಿದದ್ದು: ಏಳುವ ಕ್ರಮದ ಆರಂಭದಲ್ಲೇ ನೌಕೆಯ ಗಣಕ ತಾನಾಗಿ ಒಮ್ಮೆ ಮರುಪ್ರಾರಂಭವಾಗಿತ್ತು, ಅದರಿಂದ ಸುಮಾರು 18 ನಿಮಿಷ ತಡ! ಬಾಹ್ಯಾಕಾಶದ ಗಣಕಗಳಿಗೆ ಒಬ್ಬ ಕಾವಲುಗಾರನನ್ನು ಇಟ್ಟಿರುತ್ತಾರೆ. ಗಣಕ ಆಗಾಗ 'ಎಚ್ಚರವಿದ್ದೇನೆ' ಎನ್ನದಿದ್ದರೆ ಅವನೇ ಗುಂಡಿ ಒತ್ತಿಬಿಡುತ್ತಾನೆ. ಈ ಕಾವಲಿನ ಟೈಮರನ್ನು ನಿದ್ದೆಯ ಹೊತ್ತಿಗೂ ಹಚ್ಚುವ ಸೌಲಭ್ಯ ಲಿನಕ್ಸ್‌ನಲ್ಲಿ ಇದೆಯಾದರೂ ಮನೆಯ ಗಣಕಗಳಲ್ಲಿ ಸಾಮಾನ್ಯವಾಗಿ ಅದನ್ನು ಬಳಸುವುದಿಲ್ಲ. ಬಳಸಿದರೆ ತಪ್ಪೇನೆಂದು ಕೇಳಬಹುದು. ಕಾವಲುಗಾರ ಅವಸರಗಾರನಾದರೆ ನಿಧಾನವಾಗಿ ಏಳುತ್ತಿರುವ ಗಣಕವನ್ನೂ ಸತ್ತಿತೆಂದು ಆರಿಸಿ, ಉಳಿಸದ ಬರಹವನ್ನು ಅಳಿಸಿಬಿಡುತ್ತಾನೆ.

ಬಸ್ಸು ಹತ್ತುವ ಮೊದಲು

ಹೊಳೆನರಸೀಪುರದ ಆ ಮನೆಗೆ ಮರಳೋಣ. ಕಪ್ಪು ಪರದೆಯ ಮುಂದೆ ಕುಳಿತವರು ಮೊದಲು ಕೀಲಿಮಣೆಯ ಕ್ಯಾಪ್ಸ್ ಲಾಕ್ ಗುಂಡಿಯನ್ನು ಒತ್ತಿ ನೋಡಬೇಕು. ಅದರ ದೀಪ ಹತ್ತಿ ಆರುತ್ತಿದ್ದರೆ ಕರ್ನಲ್ ಎದ್ದಿದೆ, ಏಳದಿರುವುದು ಬಹುಶಃ ಪರದೆ ಮಾತ್ರ. ದೀಪಕ್ಕೂ ಜೀವವಿಲ್ಲದಿದ್ದರೆ ಎರಡು ಮೂರು ನಿಮಿಷ ತಾಳ್ಮೆಯಿಂದ ಕಾಯುವುದು ಒಳ್ಳೆಯದು. ಕಡತಕ್ಕಾಗಿ ಕಾಯುವ ಡ್ರೈವರುಗಳಲ್ಲಿ ಕೆಲವು ಒಂದು ನಿಮಿಷದ ಮೇಲೆ ಬೇಸತ್ತು ಕೈಬಿಡುತ್ತವೆ, ಆಗ ಯಂತ್ರ ಮುಂದೆ ಸಾಗುತ್ತದೆ. ಆಮೇಲೂ ಕಪ್ಪಾಗಿದ್ದರೆ ಗುಂಡಿಯನ್ನು ಹತ್ತು ಸೆಕೆಂಡು ಅದುಮಿ ಹಿಡಿದು ಆರಿಸುವುದು ಅನಿವಾರ್ಯ. ಉಳಿಸದ ಪುಟಗಳು ಹೋದವೆಂದೇ ತಿಳಿಯಬೇಕು. ಪದಸಂಸ್ಕಾರಕ ತಾನಾಗಿ ಆಗಾಗ ಉಳಿಸಿಟ್ಟ ಪ್ರತಿ ಇದ್ದರೆ ಅದು ಪುಣ್ಯ.

ಯಂತ್ರ ಮತ್ತೆ ಹಚ್ಚಿದಾಗ ಸರಿಯಾಗಿ ಶುರುವಾದರೆ 'ಬೋರ್ಡ್ ಹೋಗಿದೆ' ಎಂಬ ಮಾತನ್ನು ಸಂಶಯದಿಂದಲೇ ಕೇಳಬೇಕು. ನಿರ್ಧರಿಸಲು ಒಂದು ಸುಲಭ ಪರೀಕ್ಷೆಯಿದೆ. ಪೆನ್ ಡ್ರೈವಿನಿಂದಲೇ ನಡೆಯುವ ಲಿನಕ್ಸ್‌ನ್ನು ಯಾವುದಾದರೂ ಕಾಲೇಜಿನ ಹುಡುಗರು ಹಣವಿಲ್ಲದೆ ತಯಾರಿಸಿ ಕೊಡುತ್ತಾರೆ. ಅದರಿಂದ ಗಣಕವನ್ನು ಶುರುಮಾಡಿ, ಡಿಸ್ಕಿನಲ್ಲಿರುವುದನ್ನು ಏನೂ ಮುಟ್ಟದೆ, ಹತ್ತು ಸಲ ಮಲಗಿಸಿ ಎಬ್ಬಿಸಿ ನೋಡಬೇಕು. ಹತ್ತು ಸಲವೂ ಎದ್ದರೆ ಬೋರ್ಡ್, ರ್‍ಯಾಮ್ ಬಹುತೇಕ ಚೆನ್ನಾಗಿವೆ. ತಪ್ಪು ಒಳಗಿರುವ ವ್ಯವಸ್ಥೆಯದು, ಹೆಚ್ಚಾಗಿ ಪರದೆಯ ಅಥವಾ ವೈಫೈಯ ಡ್ರೈವರಿನದು. ಅದನ್ನು ಬದಲಿಸುವುದಕ್ಕೆ ಖರ್ಚಿಲ್ಲ. ಅಲ್ಲೂ ಏಳದಿದ್ದರೆ ಬಯಾಸಿನ ಹೊಸ ಆವೃತ್ತಿ ಇದೆಯೇ ಎಂದು ತಯಾರಕರ ತಾಣದಲ್ಲಿ ನೋಡಿ, ರ್‍ಯಾಮ್ ಪರೀಕ್ಷೆ ಮಾಡಿಸಿ, ಆಮೇಲೆ ಹಾಸನದ ಬಸ್ಸು ಹತ್ತಬಹುದು.

ಕುತೂಹಲವಿರುವ ವಿದ್ಯಾರ್ಥಿಗಳು ಅಣಕು ನಿದ್ದೆಯ ಮೆಟ್ಟಿಲುಗಳನ್ನೂ ಗಡಿಯಾರದ ಚೀಟಿಯನ್ನೂ ತಾವೇ ಪ್ರಯೋಗಿಸಿ ನೋಡಬಹುದು. ಪುಸ್ತಕವೊಂದರಲ್ಲಿ ಯಾವ ಮೆಟ್ಟಿಲಲ್ಲಿ ಎಷ್ಟು ಸಲ ನಿಂತಿತು, ಚಾರ್ಜರ್ ಸಿಕ್ಕಿಸಿತ್ತೇ, ಪೆನ್ ಡ್ರೈವ್ ಚುಚ್ಚಿತ್ತೇ ಎಂದು ಬರೆದಿಟ್ಟುಕೊಂಡರೆ ಆ ಟಿಪ್ಪಣಿಯನ್ನು ಕರ್ನಲ್ ರಚಕರಿಗೇ ಕಳಿಸಬಹುದು. ಚನ್ನರಾಯಪಟ್ಟಣದಿಂದ ಬಂದದ್ದೆಂದು ಯಾರೂ ಅದನ್ನು ಬದಿಗಿಡುವುದಿಲ್ಲ. ಗಡಿಯಾರದ ಚೀಟಿಯ ಪ್ರಯೋಗ ಮುಗಿದ ಮೇಲೆ ದಿನಾಂಕವನ್ನು ಸರಿಪಡಿಸಲು ಮಾತ್ರ ಮರೆಯಬಾರದು. ಗಣಕ ತಾನು 2071ರ ಯಾವುದೋ ಮಂಗಳವಾರದಲ್ಲಿದ್ದೇನೆಂದು ನಂಬಿಕೊಂಡಿದ್ದರೆ, ಸುರಕ್ಷತೆಯ ಪ್ರಮಾಣಪತ್ರಗಳ ಅವಧಿ ಮುಗಿದಿದೆಯೆಂದು ಹೇಳಿ ಬ್ಯಾಂಕಿನ ತಾಣವನ್ನೂ ಪರೀಕ್ಷಾ ಫಲಿತಾಂಶದ ತಾಣವನ್ನೂ ತೆರೆಯಲು ಒಪ್ಪುವುದಿಲ್ಲ.